ಬೆಂಗಳೂರಿಗಿಂತ ಮೊದಲೇ ಗುಲ್ಬರ್ಗಕ್ಕೆ ಟಿವಿ ಬಂದಿತ್ತಾ?

ಬಿಸಿಲೂರು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಆಫೀಸಿನಲ್ಲಿ ಊಟದ ಹೊತ್ತಿಗೆ ಶುರುವಾದ ಜಗಳ ಇದು, ಇನ್ನೂ ಮುಗಿದಿಲ್ಲ. ಕರ್ನಾಟಕದಲ್ಲಿ ಮೊದಲು ಟಿವಿ ಬಂದಿದ್ದು ನಮ್ಮ ಗುಲ್ಬರ್ಗಕ್ಕೆ, ಬೆಂಗಳೂರಿಗಲ್ಲ ಅಂತ ನಮ್ಮ ಕಾಕಾ ಯಾವಾಗಲೂ ಹೇಳುತ್ತಾರೆ. ಅದನ್ನೇ ನಾನೂ ಹೇಳಿದೆ. ಎಲ್ಲರೂ ನಕ್ಕರು. "ನಿಮ್ಮ ಕಡೆ ಆಗ ಕರೆಂಟೇ ಇರಲಿಲ್ಲ, ಟಿವಿ ಎಲ್ಲಿಂದ ಬರಬೇಕು" ಅಂದರು ಒಬ್ಬರು.

ನಾನು ಬುದ್ಧಿ ತಿಳಿಯುವ ಹೊತ್ತಿಗೆ ಕೇಬಲ್ ಬಂದಾಗಿತ್ತು, ಹಾಗಾಗಿ ನನಗೂ ಸರಿಯಾಗಿ ಗೊತ್ತಿಲ್ಲ. ಇದು ನಿಜಾನಾ? ನಿಜ ಆದರೆ ಯಾಕೆ ಗುಲ್ಬರ್ಗಕ್ಕೇ ಮೊದಲು? ಅದರಲ್ಲಿ ಏನು ತೋರಿಸುತ್ತಿದ್ದರು? ಮತ್ತೆ 2021ರಲ್ಲಿ ಕಲಬುರಗಿ ದೂರದರ್ಶನ ಮುಚ್ಚುತ್ತದೆ ಅಂತ ಸುದ್ದಿ ಓಡಾಡಿತ್ತು, ಅದು ಏನಾಯಿತು? ತಿಳಿದವರು ಬರೆಯಿರಿ. ಉದ್ದ ಆದರೂ ಪರವಾಗಿಲ್ಲ.

ಹಳೇ ಆಂಟೆನಾ ಉತ್ತರ:

ಕಾಕಾ ಹೇಳಿದ್ದು ಸರಿ. ಗುಲ್ಬರ್ಗದಲ್ಲಿ ಟಿವಿ ಟ್ರಾನ್ಸ್‌ಮಿಟರ್, ಅಂದರೆ ಸುತ್ತಲ ಊರಿಗೆ ಸಿಗ್ನಲ್ ಬಿಡುವ ಯಂತ್ರ, ಶುರುವಾಗಿದ್ದು 1977ರಲ್ಲಿ. ಬೆಂಗಳೂರು ದೂರದರ್ಶನ ಶುರುವಾಗಿದ್ದು 1981ರ ನವೆಂಬರ್ 1ಕ್ಕೆ, ರಾಜ್ಯೋತ್ಸವದ ದಿನ. ಹೆಚ್ಚುಕಮ್ಮಿ ನಾಲ್ಕು ವರ್ಷದ ಅಂತರ. ಅಷ್ಟೇ ಅಲ್ಲ, ಅದಕ್ಕೂ ಮೊದಲು 1975ರಲ್ಲೇ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಎಷ್ಟೋ ಹಳ್ಳಿಯವರು ಟಿವಿ ನೋಡುತ್ತಿದ್ದರು. ಪಟ್ಟಣದವರಲ್ಲ, ಹಳ್ಳಿಯವರು. ನೆನಪಿಡಿ, ಆಗಿನ ಗುಲ್ಬರ್ಗ ಅಂದರೆ ಯಾದಗಿರಿಯೂ ಸೇರಿ, ರಾಯಚೂರು ಅಂದರೆ ಕೊಪ್ಪಳವೂ ಸೇರಿ, ಬಿಜಾಪುರ ಅಂದರೆ ಬಾಗಲಕೋಟೆಯೂ ಸೇರಿ. ಆಗ ಬೆಂಗಳೂರಿನ ಸಾಹುಕಾರರ ಮನೆಯಲ್ಲೂ ಟಿವಿ ಇದ್ದರೆ ಅದು ಶೋಕೇಸಿಗೇ.

ಯಾಕೆ ಅಂತ ಕೇಳಿದಿರಿ. 1969ರಲ್ಲಿ ನಮ್ಮ ಅಣುಶಕ್ತಿ ಇಲಾಖೆಗೂ ನಾಸಾಕ್ಕೂ ಒಂದು ಒಪ್ಪಂದ ಆಯಿತು. ನಾಸಾ ತನ್ನ ಉಪಗ್ರಹವನ್ನು ಒಂದು ವರ್ಷ ನಮಗೆ ಬಿಟ್ಟುಕೊಡಬೇಕು, ನೆಲದ ಮೇಲಿನ ಕೆಲಸ, ಕಾರ್ಯಕ್ರಮ, ಟಿವಿ ಸೆಟ್ಟು ಎಲ್ಲ ನಮ್ಮ ಪಾಲು. ವಿಕ್ರಮ್ ಸಾರಾಭಾಯಿ ಹಟ ಹಿಡಿದು ಮಾಡಿಸಿದ ಕೆಲಸ, ಆದರೆ ಅದನ್ನು ನೋಡಲು ಅವರೇ ಇರಲಿಲ್ಲ, 1971ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಉಪಗ್ರಹದ ಹೆಸರು ಎಟಿಎಸ್-6. 1974ರ ಮೇ 30ಕ್ಕೆ ಹಾರಿಸಿದರು. ಮೊದಲ ವರ್ಷ ಅಮೆರಿಕದವರೇ ಬಳಸಿಕೊಂಡು, ಆಮೇಲೆ ಪೂರ್ವಕ್ಕೆ ಸರಿಸಿ ಆಫ್ರಿಕಾದ ಮೇಲೆ 35 ಡಿಗ್ರಿ ಪೂರ್ವ ರೇಖಾಂಶದಲ್ಲಿ ನಿಲ್ಲಿಸಿದರು. ಪ್ರಸಾರ ನಡೆದಿದ್ದು 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಸರಿಯಾಗಿ ಒಂದು ವರ್ಷ. ಆರು ರಾಜ್ಯ, ಸುಮಾರು 2400 ಹಳ್ಳಿ. ಈ ಯೋಜನೆಗೆ ಸೈಟ್ (SITE) ಅಂತ ಹೆಸರು, ಅಂದರೆ ಉಪಗ್ರಹದ ಮೂಲಕ ಟಿವಿಯಲ್ಲಿ ಕಲಿಸುವ ಪ್ರಯೋಗ.

ಹಳ್ಳಿಗಳನ್ನು ಆರಿಸಿದ್ದೇ ಹಿಂದುಳಿದ ಜಿಲ್ಲೆಗಳು ಅಂತ. ಅಂದರೆ ಸ್ವಾಮಿ, ನಿಮ್ಮ ಆಫೀಸಿನವರು "ಅಲ್ಲಿ ಏನೂ ಇರಲಿಲ್ಲ" ಅಂತಾರಲ್ಲ, ಏನೂ ಇರಲಿಲ್ಲ ಅಂತಲೇ ಅಲ್ಲಿಗೆ ಟಿವಿ ಬಂತು. ಕರೆಂಟ್ ಇಲ್ಲದ ಕೆಲವು ಹಳ್ಳಿಗಳಲ್ಲಿ ಬ್ಯಾಟರಿ ಮೇಲೆ ಸೆಟ್ಟು ಓಡಿಸಿದ್ದೂ ಉಂಟು.

ನಾನು ಟಿವಿ ರಿಪೇರಿ ಮಾಡಿ ಬದುಕಿದವನು, ಹಾಗಾಗಿ ಆಂಟೆನಾ ಬಗ್ಗೆ ಹೇಳದೆ ಬಿಡಲ್ಲ. ಕೋಳಿ ಗೂಡಿಗೆ ಹಾಕುವ ತಂತಿ ಜಾಲರಿ ಇದೆಯಲ್ಲ, ಅದನ್ನೇ ಬಿಗಿದು ಮಾಡಿದ 3 ಮೀಟರ್ ಅಗಲದ ಬುಟ್ಟಿ. ಉಪಗ್ರಹ ಆಫ್ರಿಕಾದ ಮೇಲಿತ್ತಲ್ಲ, ಅದಕ್ಕೆ ನಮ್ಮ ಕಡೆ ಎಲ್ಲ ಆಂಟೆನಾ ಪಶ್ಚಿಮಕ್ಕೆ ಮುಖ ಮಾಡಿ ಕೂತಿರುತ್ತಿದ್ದವು. ಇಷ್ಟು ಅಗ್ಗದ ಆಂಟೆನಾದಲ್ಲಿ ಚಿತ್ರ ಹೇಗೆ ಬರುತ್ತಿತ್ತು ಅಂದರೆ, ಮೇಲಿದ್ದ ಉಪಗ್ರಹಕ್ಕೇ 9 ಮೀಟರ್ ಅಗಲದ, ಕೊಡೆ ಬಿಚ್ಚಿದ ಹಾಗೆ ಬಿಚ್ಚಿಕೊಳ್ಳುವ ದೊಡ್ಡ ಆಂಟೆನಾ ಇತ್ತು. ಮೇಲೆ ಖರ್ಚು ಜಾಸ್ತಿ ಮಾಡಿ ಕೆಳಗೆ ಉಳಿಸಿದರು. 860 ಮೆಗಾಹರ್ಟ್ಸ್‌ನಲ್ಲಿ ಸಿಗ್ನಲ್ ಬರುತ್ತಿತ್ತು. ಸೆಟ್ಟುಗಳನ್ನು ಮಾಡಿದ್ದು ಹೈದರಾಬಾದಿನ ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಂಪನಿ ಇಸಿಐಎಲ್. ಇವತ್ತು ಮನೆ ಮೇಲಿರುವ ಡಿಶ್ ಟಿವಿ ಎಲ್ಲ ಇದರ ಮೊಮ್ಮಕ್ಕಳು.

ಒಂದು ವರ್ಷ ಆದ ಮೇಲೆ ನಾಸಾ ಉಪಗ್ರಹ ವಾಪಸ್ ತೆಗೆದುಕೊಂಡಿತು. ಆಂಟೆನಾ, ಸೆಟ್ಟು ಎಲ್ಲ ಹಳ್ಳಿಯಲ್ಲೇ ಉಳಿದವು, ಆದರೆ ಆಕಾಶದಿಂದ ಏನೂ ಬರುತ್ತಿಲ್ಲ. ಅದಕ್ಕೇ ಸೈಟ್ ನಡೆದ ಪ್ರದೇಶಗಳಲ್ಲಿ ನೆಲದ ಮೇಲೇ ಟ್ರಾನ್ಸ್‌ಮಿಟರ್ ಹಾಕೋಣ ಅಂತ ಸರ್ಕಾರ ತೀರ್ಮಾನಿಸಿತು. ಜೈಪುರ, ರಾಯ್‌ಪುರ, ಮುಜಫ್ಫರ್‌ಪುರ, ಸಂಬಲ್‌ಪುರ, ಹೈದರಾಬಾದ್, ಗುಲ್ಬರ್ಗ. ಈ ಪಟ್ಟಿಯಲ್ಲಿ ಬೆಂಗಳೂರಿನ ಹೆಸರಿಲ್ಲ ನೋಡಿ. ಕಾರಣ ಇಷ್ಟೇ.

ಮಾಸ್ತರ ಮಗಳು ಉತ್ತರ:

ಆಂಟೆನಾ ಅಣ್ಣಾ, ಚೆನ್ನಾಗಿ ಬರೆದಿದ್ದೀರಿ. ಏನು ತೋರಿಸುತ್ತಿದ್ದರು ಅನ್ನೋದಕ್ಕೆ ನಾನು ಸ್ವಲ್ಪ ಸೇರಿಸುತ್ತೇನೆ. ನಮ್ಮ ಅಪ್ಪ ರಾಯಚೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ಮಾಸ್ತರಾಗಿದ್ದರು. ಸೆಟ್ಟು ಶಾಲೆಯಲ್ಲಿತ್ತು, ಬೀಗದ ಕೈ ಅವರ ಹತ್ತಿರ. ಊರಲ್ಲಿ ಅವರಿಗೆ ಇದ್ದ ಮರ್ಯಾದೆ ಆ ವರ್ಷ ದುಪ್ಪಟ್ಟಾಯಿತು ಅಂತ ಅಮ್ಮ ನಗುತ್ತಿದ್ದರು.

ದಿನಕ್ಕೆ ಒಟ್ಟು ನಾಲ್ಕು ಗಂಟೆ ಪ್ರಸಾರ. ಬೆಳಿಗ್ಗೆ ಒಂದೂವರೆ ಗಂಟೆ ಶಾಲೆ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ದೊಡ್ಡವರಿಗೆ. ಆದರೆ ಅಷ್ಟೂ ಹೊತ್ತು ಕನ್ನಡ ಅಂತ ತಿಳಿಯಬೇಡಿ. ಹಿಂದಿ, ಒಡಿಯಾ, ತೆಲುಗು, ಕನ್ನಡ ನಾಲ್ಕೂ ಭಾಷೆ ಆ ಹೊತ್ತನ್ನು ಹಂಚಿಕೊಳ್ಳಬೇಕಿತ್ತು. ಇನ್ನೊಂದು ಮಜಾ ಏನೆಂದರೆ ಉಪಗ್ರಹದಲ್ಲಿ ಚಿತ್ರಕ್ಕೆ ಒಂದೇ ದಾರಿ, ಧ್ವನಿಗೆ ಎರಡು. ಹಾಗಾಗಿ ಒಂದೇ ಚಿತ್ರಕ್ಕೆ ತೆಲುಗು ಒಂದು ಕಡೆ, ಕನ್ನಡ ಒಂದು ಕಡೆ ಕೇಳಿಸಬಹುದಿತ್ತು.

ಮಕ್ಕಳಿಗೆ ವಿಜ್ಞಾನ ಜಾಸ್ತಿ. ಪಾಠದ ಪುಸ್ತಕ ಓದಿಸುವ ಥರ ಅಲ್ಲ, ಸುತ್ತಮುತ್ತ ಕಾಣುವುದನ್ನು ಪ್ರಶ್ನೆ ಕೇಳುವ ಥರ. ಸಂಜೆ ಬೇಸಾಯ, ದನಕರು, ಆರೋಗ್ಯ, ಕುಟುಂಬ ಯೋಜನೆ, ಹಾಡು, ನಾಟಕ. ಆಮೇಲೆ ಎಲ್ಲ ರಾಜ್ಯಕ್ಕೂ ಸೇರಿಸಿ ಅರ್ಧ ಗಂಟೆ ಹಿಂದಿ, ಅದರಲ್ಲೇ ಸುದ್ದಿ. ಅಪ್ಪ ಹೇಳುತ್ತಿದ್ದರು, ಹಿಂದಿ ಶುರುವಾದ ಕೂಡಲೇ ಗಂಡಸರೆಲ್ಲ ಬೀಡಿ ಸೇದಲು ಏಳುತ್ತಿದ್ದರು, ಹೆಂಗಸರು ಒಲೆ ಹಚ್ಚಲು ಮನೆಗೆ ಹೋಗುತ್ತಿದ್ದರು, ಕೊನೆಗೆ ಉಳಿಯುತ್ತಿದ್ದವರು ಸೆಟ್ಟು ಆರಿಸಿ ಬೀಗ ಹಾಕಬೇಕಾದ ಅಪ್ಪ ಮತ್ತು ನಿದ್ದೆಗೆ ಬಿದ್ದ ಮಕ್ಕಳು. ಶುರುವಿನಲ್ಲಿ ನೂರಾರು ಜನ ಜಾತ್ರೆಗೆ ಬಂದ ಹಾಗೆ ಬಂದಿದ್ದರಂತೆ. ಆ ಗುಂಗು ಇಳಿದ ಮೇಲೆ ತಮಗೆ ಬೇಕಾದ್ದು ಇದ್ದಾಗ ಮಾತ್ರ ಬರುತ್ತಿದ್ದರು. ಅದು ಸಹಜ ಅಲ್ವಾ.

ಇನ್ನೊಂದು ಮಾತು ಯಾರೂ ಹೇಳಲ್ಲ. ಆ ಇಡೀ ವರ್ಷ ದೇಶದಲ್ಲಿ ತುರ್ತು ಪರಿಸ್ಥಿತಿ ಇತ್ತು. ಪ್ರಧಾನಿಯ ಇಪ್ಪತ್ತು ಅಂಶಗಳ ಕಾರ್ಯಕ್ರಮದ ಹೊಗಳಿಕೆ ಟಿವಿಯಲ್ಲೂ ಇತ್ತು. ಹಳ್ಳಿಯ ಏಳಿಗೆಗೆ ಬಂದ ಪೆಟ್ಟಿಗೆಯೇ ಸರ್ಕಾರದ ಡಂಗುರವೂ ಆಯಿತು. ಇದನ್ನು ಬಿಟ್ಟು ಬರೀ ಹೊಗಳುವುದು ನನಗೆ ಸರಿ ಕಾಣಲ್ಲ.

ಆದರೆ ಒಂದು ಒಳ್ಳೆ ಕೆಲಸ ಮಾತ್ರ ಮರೆಯಬಾರದು. ರಜೆ ದಿನಗಳಲ್ಲಿ ಟಿವಿ ಮೂಲಕವೇ ಪ್ರಾಥಮಿಕ ಶಾಲೆ ಮಾಸ್ತರರಿಗೆ ವಿಜ್ಞಾನ ಕಲಿಸುವ ತರಬೇತಿ ಕೊಟ್ಟರು, ಆರೂ ರಾಜ್ಯ ಸೇರಿ ಹತ್ತಾರು ಸಾವಿರ ಜನರಿಗೆ. ಈಗ ಆನ್‌ಲೈನ್ ತರಬೇತಿ ಅಂತ ದೊಡ್ಡದಾಗಿ ಹೇಳುತ್ತಾರೆ. 1975ರಲ್ಲೇ ಆಗಿತ್ತು.

ಕೃಷ್ಣೆಯ ದಂಡೆ ಉತ್ತರ:

ನಾನು ಸ್ವಲ್ಪ ತಣ್ಣೀರು ಹಾಕುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಗುಲ್ಬರ್ಗಕ್ಕೆ ಮೊದಲು ಬಂದಿದ್ದು ಟ್ರಾನ್ಸ್‌ಮಿಟರ್. ಟ್ರಾನ್ಸ್‌ಮಿಟರ್ ಬಂದರೆ ಊರಿಗೆ ಟಿವಿ ಸ್ಟೇಷನ್ ಬಂದ ಹಾಗಲ್ಲ. ಸೈಟ್ ಕಾಲದಲ್ಲಿ ಕಾರ್ಯಕ್ರಮ ಮಾಡಲು ಮೂರು ಕಡೆ ಕೇಂದ್ರ ಇದ್ದವು: ದೆಹಲಿ, ಕಟಕ್, ಹೈದರಾಬಾದ್. ತೆಲುಗು, ಕನ್ನಡ ಎರಡನ್ನೂ ನೋಡಿಕೊಳ್ಳುತ್ತಿದ್ದದ್ದು ಹೈದರಾಬಾದ್. ಗುಲ್ಬರ್ಗದ ರೈತನಿಗೆ ತೊಗರಿ ಬೆಳೆಯುವುದು ಹೇಗೆ ಅಂತ ಹೇಳುವ ಕಾರ್ಯಕ್ರಮ ಪಕ್ಕದ ರಾಜ್ಯದ ರಾಜಧಾನಿಯಲ್ಲಿ ತಯಾರಾಗಬೇಕು, ಅಹಮದಾಬಾದಿನಿಂದ ಮೇಲಕ್ಕೆ ಹೋಗಬೇಕು, ಆಫ್ರಿಕಾದ ಮೇಲಿಂದ ಕೆಳಗೆ ಬರಬೇಕು. ಹೊಲ ಇರುವುದು ಮಾತ್ರ ಸೇಡಂ ದಾರಿಯಲ್ಲಿ.

ಊರಿನದೇ ಸ್ಟೇಷನ್ ಅಂದರೆ ಏನು ಅಂತ ನೋಡಬೇಕಾದರೆ ಗುಜರಾತಿನ ಪೀಜ್ ನೋಡಿ. ಖೇಡಾ ಜಿಲ್ಲೆಯ ಸಣ್ಣ ಊರು, ನಡಿಯಾದ್ ಹತ್ತಿರ. ಅಲ್ಲಿಯೂ 1975ರಲ್ಲೇ ಶುರು. ಬರೀ 1 ಕಿಲೋವ್ಯಾಟ್ ಟ್ರಾನ್ಸ್‌ಮಿಟರ್. ನಡೆಸುತ್ತಿದ್ದವರು ದೂರದರ್ಶನದವರೊಬ್ಬರೇ ಅಲ್ಲ, ಅಹಮದಾಬಾದಿನ ಇಸ್ರೊ ಕೇಂದ್ರದವರು ಮುಖ್ಯವಾಗಿ. ಸೆಟ್ಟುಗಳನ್ನು ಎಲ್ಲಿಟ್ಟರು ಗೊತ್ತಾ? ಹಾಲಿನ ಸೊಸೈಟಿಗಳಲ್ಲಿ. ಖೇಡಾ ಅಂದರೆ ಅಮುಲ್ ಹುಟ್ಟಿದ ಜಿಲ್ಲೆ, ಹಾಲು ಹಾಕಲು ದಿನಾ ಸಂಜೆ ಊರೆಲ್ಲ ಅಲ್ಲಿಗೇ ಬರುತ್ತದೆ, ಪ್ರತ್ಯೇಕ ಜನ ಸೇರಿಸುವ ತಾಪತ್ರಯವೇ ಇಲ್ಲ. ಕ್ಯಾಮೆರಾ ಹಿಡಿದು ಹಳ್ಳಿಗೇ ಹೋದರು, ಆ ಸೀಮೆಯ ಚರೋತರ ಗುಜರಾತಿಯಲ್ಲೇ ಮಾತಾಡಿಸಿದರು, ಅಲ್ಲಿಯ ಜನರನ್ನೇ ಪಾತ್ರ ಮಾಡಿಸಿದರು. ಕೂಲಿ ಕಡಿಮೆ ಕೊಡುವುದು, ಜಾತಿ ತಾರತಮ್ಯ, ಹೆಂಗಸರ ಕಷ್ಟ ಇವೆಲ್ಲ ಧಾರಾವಾಹಿಯಲ್ಲಿ ಬಂತು. ಸರ್ಕಾರಿ ಟಿವಿಯಲ್ಲಿ ಇಂಥದ್ದು ಬಂದಿದ್ದೇ ದೊಡ್ಡದು. 1984ರಲ್ಲಿ ಯುನೆಸ್ಕೊದ ಗ್ರಾಮೀಣ ಸಂವಹನ ಬಹುಮಾನ ಬಂತು. ಮರುವರ್ಷವೇ ಅಲ್ಲಿಂದ ಟ್ರಾನ್ಸ್‌ಮಿಟರ್ ಎತ್ತಲು ಹೊರಟರು! ಅಹಮದಾಬಾದಿನ ದೊಡ್ಡ ಟ್ರಾನ್ಸ್‌ಮಿಟರ್ ಬಂದ ಮೇಲೆ ಇದು ಯಾಕೆ ಅಂತ. ಜನ ವಿರೋಧಿಸಿದರೂ ಪ್ರಯೋಜನ ಆಗಲಿಲ್ಲ.

ನನ್ನ ಮಾತು ಇಷ್ಟೇ. ಗುಲ್ಬರ್ಗ ಮೊದಲು ಅನ್ನುವುದು ದಾಖಲೆಗೆ ಸರಿ. ಆದರೆ ಪೀಜ್ ಥರ ಒಂದು ಸ್ಟೇಷನ್ ನಮ್ಮ ಕಡೆ ಆಗಲೇ ಇಲ್ಲ. ಆಗಿದ್ದರೆ ನಮ್ಮ ಕಡೆಯ ಕನ್ನಡ ಟಿವಿಯಲ್ಲಿ ಬರೀ ನಗಿಸುವ ಪಾತ್ರಕ್ಕೆ ಮೀಸಲಾಗುತ್ತಿರಲಿಲ್ಲ.

ಬಿಸಿಲೂರು ಮತ್ತೆ:

ಮೂವರಿಗೂ ಧನ್ಯವಾದ. ಕೃಷ್ಣೆಯ ದಂಡೆ ಅವರೇ, ನಿಮ್ಮ ಮಾತು ಚುಚ್ಚಿತು, ಆದರೆ ಒಪ್ಪುತ್ತೇನೆ. ಹಾಗಾದರೆ 1977ರ ಮೇಲೆ ಎಲ್ಲ ಹಳ್ಳಿಗೂ ಗುಲ್ಬರ್ಗದ ಟಿವಿ ಸಿಗುತ್ತಿತ್ತಾ? ಮತ್ತೆ ಮುಚ್ಚಿದ ವಿಷಯ ಯಾರೂ ಹೇಳಲಿಲ್ಲ.

ಹಳೇ ಆಂಟೆನಾ ಉತ್ತರ:

ಎಲ್ಲಿ ಸಿಗಬೇಕು ಮಾರಾಯರೇ. ಉಪಗ್ರಹಕ್ಕೆ ದೂರ ಅನ್ನುವುದಿಲ್ಲ, ಆಕಾಶ ಕಂಡರೆ ಸಾಕು. ನೆಲದ ಟ್ರಾನ್ಸ್‌ಮಿಟರ್ ಹಾಗಲ್ಲ. ಕಲಬುರಗಿಯಿಂದ ವಿಜಯಪುರಕ್ಕೆ ಸುಮಾರು 160 ಕಿಲೋಮೀಟರ್, ಅಷ್ಟು ದೂರ ತಲುಪುವ ಮಾತೇ ಇಲ್ಲ. ಹಾಗಾಗಿ ಮೂರು ಜಿಲ್ಲೆಯ ಎಷ್ಟೋ ಸೈಟ್ ಹಳ್ಳಿಗಳು ಒಂದು ವರ್ಷ ಟಿವಿ ನೋಡಿ, ಆಮೇಲೆ ಎಷ್ಟೋ ವರ್ಷ ಏನೂ ಇಲ್ಲದೆ ಕೂತವು. ಜಾಲರಿ ಆಂಟೆನಾ ಏನಾಯಿತು ಅಂತ ಕೇಳಬೇಡಿ, ಕೋಳಿ ಗೂಡಿಗೇ ಹೋಗಿರುತ್ತದೆ.

ಸಿಗ್ನಲ್ ಸಿಗುವ ಕಡೆಯೂ ಸುಲಭ ಇರಲಿಲ್ಲ. ಕಬ್ಬಿಣದ ಪೈಪಿನ ಮೇಲೆ ಆಂಟೆನಾ, ಒಬ್ಬ ಮಾಳಿಗೆ ಮೇಲೆ ತಿರುಗಿಸಬೇಕು, ಇನ್ನೊಬ್ಬ ಕೆಳಗಿಂದ "ಬಂತು, ಬಂತು, ಹೋಯ್ತು" ಅಂತ ಕೂಗಬೇಕು. ಅಂಚೆ ಕಚೇರಿಯಲ್ಲಿ ದುಡ್ಡು ಕಟ್ಟಿ ಟಿವಿಗೆ ಲೈಸೆನ್ಸ್ ಮಾಡಿಸಬೇಕಿತ್ತು, ಈಗಿನ ಹುಡುಗರಿಗೆ ಹೇಳಿದರೆ ನಂಬಲ್ಲ.

1982ರಲ್ಲಿ ಬಣ್ಣ ಬಂತು, ದೆಹಲಿಯಿಂದ ರಾಷ್ಟ್ರೀಯ ಪ್ರಸಾರವೂ ಬಂತು. 1983ರಲ್ಲಿ ನಮ್ಮ ದೇಶದ ಉಪಗ್ರಹ ಇನ್ಸಾಟ್-1ಬಿ ಮೇಲಕ್ಕೆ ಹೋದ ನಂತರ ದೇಶದ ತುಂಬ ಟ್ರಾನ್ಸ್‌ಮಿಟರ್ ಹಾಕಿದರು, 1984ರಲ್ಲಂತೂ ದಿನಕ್ಕೊಂದು ಅನ್ನುವ ಲೆಕ್ಕದಲ್ಲಿ. ಎಲ್ಲ ಕಡೆ ಟಿವಿ ಬಂತು, ಆದರೆ ಎಲ್ಲ ಕಡೆ ಒಂದೇ ಟಿವಿ. ರಾತ್ರಿಯ ಒಳ್ಳೆ ಹೊತ್ತೆಲ್ಲ ದೆಹಲಿಗೆ ಹೋಯಿತು. ಆಮೇಲೆ ಬೆಂಗಳೂರಿನಿಂದ ಉಪಗ್ರಹದ ಮೂಲಕ ಕನ್ನಡ ಚಾನೆಲ್ ಬಂತು, ಈಗಿನ ಚಂದನ. ಗುಲ್ಬರ್ಗದ ಪಾಲಿಗೆ ದೆಹಲಿ ಮತ್ತು ಬೆಂಗಳೂರು ಬಿಟ್ಟು ಮಿಕ್ಕ ಹೊತ್ತು. ಸಂಜೆಯ ಆ ಸ್ವಲ್ಪ ಹೊತ್ತಿನಲ್ಲೇ ಬೇಸಾಯ, ತತ್ವಪದ, ವಚನ, ಊರಿನ ಕವಿಗಳು, ಡಾಕ್ಟರ್ ಜೊತೆ ಮಾತುಕತೆ. ನಮ್ಮ ಓಣಿಯವರು ಟಿವಿಯಲ್ಲಿ ಬಂದರೆ ಅದು ಆ ಹೊತ್ತಿನಲ್ಲೇ ಬರಬೇಕು, ಬೆಂಗಳೂರಿನವರು ಎಲ್ಲಿ ಕರೆಯುತ್ತಾರೆ.

ಸುದ್ದಿ ಮನೆ ಉತ್ತರ:

ಮುಚ್ಚಿದ ವಿಷಯ ನಾನು ಹೇಳುತ್ತೇನೆ, ಆ ಹೊತ್ತಿನಲ್ಲಿ ಈ ಸುದ್ದಿ ಹಿಂದೆ ಓಡಾಡಿದ್ದೆ. ಇಲ್ಲಿ ಎರಡು ಬೇರೆ ಬೇರೆ ವಿಷಯ ಸೇರಿಕೊಂಡು ಗೊಂದಲ ಆಯಿತು. ಒಂದು, ಮನೆ ಮೇಲಿನ ಆಂಟೆನಾಕ್ಕೆ ಸಿಗ್ನಲ್ ಬಿಡುವ ಹಳೇ ಕಾಲದ ಅನಲಾಗ್ ಟ್ರಾನ್ಸ್‌ಮಿಟರ್. ಇನ್ನೊಂದು, ಕಾರ್ಯಕ್ರಮ ಮಾಡುವ ಕೇಂದ್ರ.

ದೇಶದ ತುಂಬ ಇದ್ದ ಹಳೇ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನು ದೂರದರ್ಶನ ನಡೆಸುವ ಪ್ರಸಾರ ಭಾರತಿ ಹಂತ ಹಂತವಾಗಿ ನಿಲ್ಲಿಸುತ್ತಾ ಬಂತು. ಮನೆ ಮೇಲೆ ಆಂಟೆನಾ ಇಟ್ಟು ನೋಡುವವರೇ ಇಲ್ಲ, ಕರೆಂಟ್ ಖರ್ಚು ಬೇರೆ, ಆ ತರಂಗಾಂತರ 5ಜಿಗೆ ಬೇಕು ಅನ್ನುವುದು ವಾದ. ವರ್ಷಕ್ಕೆ 100 ಕೋಟಿ ರೂಪಾಯಿಯಷ್ಟು ಉಳಿಯುತ್ತದೆ ಅಂತ ಲೆಕ್ಕ ಕೊಟ್ಟರು. 2022ರ ಮಾರ್ಚ್ ಹೊತ್ತಿಗೆ ಗಡಿಯಂಥ ಕಡೆ ಇರುವ ಸುಮಾರು 50 ಬಿಟ್ಟು ಮಿಕ್ಕೆಲ್ಲ ನಿಲ್ಲಿಸುವ ಯೋಜನೆ. ನಿಲ್ಲಿಸುವ ಪಟ್ಟಿಯಲ್ಲಿ ಕಲಬುರಗಿಯೂ ಇತ್ತು, ಅಸ್ಸಾಮಿನ ಸಿಲ್ಚರ್ ಕೂಡ. ಸುದ್ದಿ ಬಂದಾಗ "ದೂರದರ್ಶನ ಮುಚ್ಚುತ್ತಿದ್ದಾರೆ" ಅಂತ ಗದ್ದಲ ಎದ್ದಿತು. 2021ರ ಅಕ್ಟೋಬರ್‌ನಲ್ಲಿ ಪ್ರಸಾರ ಭಾರತಿ ಸ್ಪಷ್ಟನೆ ಕೊಟ್ಟಿತು: ಕೇಂದ್ರ ಮುಚ್ಚುವುದಿಲ್ಲ, ಕಲಬುರಗಿಯವರು ಚಂದನಕ್ಕೆ ಕಾರ್ಯಕ್ರಮ ಮಾಡಿ ಕೊಡುತ್ತಾರೆ, ಸಿಲ್ಚರಿನವರು ಡಿಡಿ ಅಸ್ಸಾಂಗೆ, ಜೊತೆಗೆ ಯೂಟ್ಯೂಬ್ ಇದೆ ಅಂತ.

ಕಾಗದದ ಮೇಲೆ ಇದು ಸರಿ. ಟ್ರಾನ್ಸ್‌ಮಿಟರ್ ನಿಂತಿದ್ದಕ್ಕೆ ನಾನೂ ಅಳುವುದಿಲ್ಲ, ಯಾರೂ ನೋಡದ ಸಿಗ್ನಲ್ ಬಿಡುವುದು ಸುಮ್ನೆ ದುಡ್ಡು ಸುಟ್ಟ ಹಾಗೆ. ಆದರೆ ಟ್ರಾನ್ಸ್‌ಮಿಟರ್ ಇದ್ದಾಗ ಇಂಥ ಹೊತ್ತಿನಿಂದ ಇಂಥ ಹೊತ್ತಿನವರೆಗೆ ಕಲಬುರಗಿಯದು ಅಂತ ಒಂದು ಜಾಗ ಇರುತ್ತಿತ್ತು. ಏನು ತೋರಿಸಬೇಕು ಅಂತ ಅಲ್ಲಿಯವರೇ ನಿರ್ಧಾರ ಮಾಡಬಹುದಿತ್ತು. ಈಗ ಇಡೀ ರಾಜ್ಯ ನೋಡುವ ಚಾನೆಲ್ಲಿನಲ್ಲಿ ಜಾಗ ಕೇಳಬೇಕು. ಚಿತ್ತಾಪುರದ ತೊಗರಿಗೆ ಬಂದ ರೋಗದ ಬಗ್ಗೆ ಮಡಿಕೇರಿಯವರಿಗೆ ಅರ್ಧ ಗಂಟೆ ತೋರಿಸಿ ಅಂದರೆ ಯಾರು ಒಪ್ಪುತ್ತಾರೆ?

ಗಂಜ್ ಹುಡುಗ ಉತ್ತರ:

ನೀವೆಲ್ಲ ದೂರದರ್ಶನ ಹಿಡಿದು ಕೂತಿದ್ದೀರಿ, ನಿಜವಾದ ಊರಿನ ಟಿವಿ ಈಗ ಕೇಬಲ್‌ನವರ ಲೋಕಲ್ ಚಾನೆಲ್ ಸ್ವಾಮಿ. ಶರಣಬಸವೇಶ್ವರ ಜಾತ್ರೆಯ ತೇರು, ಬಂದೇನವಾಜ್ ದರ್ಗಾದ ಉರುಸ್, ಪಾಲಿಕೆ ಸಭೆಯ ಜಗಳ, ಸೀರೆ ಅಂಗಡಿ ಜಾಹೀರಾತು, ಶ್ರದ್ಧಾಂಜಲಿ, ಹುಟ್ಟುಹಬ್ಬದ ಶುಭಾಶಯ, ರಾತ್ರಿ ಒಂದು ಹಳೇ ಸಿನಿಮಾ. ಚೆಂದ ಇರಲ್ಲ, ಆದರೆ ನಮ್ಮ ಮನೆಯಲ್ಲಿ ಅಜ್ಜಿ ನೋಡುವುದು ಅದನ್ನೇ.

ಸುದ್ದಿ ಮನೆ ಉತ್ತರ:

ತಮ್ಮಾ, ಒಪ್ಪಿದೆ. ಆದರೆ ಅಲ್ಲಿಯೂ ಈಗ ನಿಯಮ ಬಂದಿದೆ. 2022ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಮಾರ್ಗಸೂಚಿ ಹೊರಡಿಸಿತು, ಕೇಬಲ್ ನೆಟ್‌ವರ್ಕ್ ನಡೆಸುವವರು ಇಂಥ ಚಾನೆಲ್‌ಗಳನ್ನು ನೋಂದಾಯಿಸಬೇಕು, ಅವು ಒಟ್ಟು ಚಾನೆಲ್‌ಗಳ ಶೇಕಡಾ 5ನ್ನು ಮೀರಬಾರದು, ಸ್ಥಳೀಯ ಸುದ್ದಿ ಕೊಡಬೇಕಾದರೆ ಕಂಪನಿಯಾಗಿ ನೋಂದಣಿ ಆಗಿರಬೇಕು. ಮನೆ ಮಾಳಿಗೆಯಲ್ಲಿ ಒಂದು ಕ್ಯಾಮೆರಾ ಇಟ್ಟುಕೊಂಡು ಸುದ್ದಿ ಓದುತ್ತಿದ್ದವರಿಗೆ ಇದು ಕಷ್ಟವೇ. ಸುಮಾರು ಜನ ಯೂಟ್ಯೂಬ್, ಫೇಸ್‌ಬುಕ್‌ಗೆ ಹೋಗುತ್ತಿದ್ದಾರೆ. ಮತ್ತೆ ಜಾಹೀರಾತು ಕೊಟ್ಟವನ ವಿರುದ್ಧ ಇವರು ಸುದ್ದಿ ಮಾಡಲ್ಲ, ಅದನ್ನೂ ಸೇರಿಸಿಕೊಳ್ಳಿ. ಬೆಳೆ ರೋಗದ ಬಗ್ಗೆ ಅರ್ಧ ಗಂಟೆ ಕೊಡುವವರು ಇಲ್ಲಿಯೂ ಇಲ್ಲ.

ಬಿಸಿಲೂರು ಮತ್ತೆ:

ಇಷ್ಟೆಲ್ಲ ಇದೆ ಅಂತ ಗೊತ್ತಿರಲಿಲ್ಲ. ಕೊನೆಯದಾಗಿ ಒಂದು ಪ್ರಶ್ನೆ, ಆಗಿನ ಕನ್ನಡ ಕಾರ್ಯಕ್ರಮಗಳ ಟೇಪ್ ಎಲ್ಲಾದರೂ ನೋಡಲು ಸಿಗುತ್ತದಾ?

ಮಾಸ್ತರ ಮಗಳು ಉತ್ತರ:

ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಆಗ ವಿಡಿಯೊ ಟೇಪ್ ತುಂಬಾ ದುಬಾರಿ, ಒಂದು ಕಾರ್ಯಕ್ರಮ ಪ್ರಸಾರ ಆದ ಮೇಲೆ ಅದೇ ಟೇಪಿನ ಮೇಲೆ ಇನ್ನೊಂದು ರೆಕಾರ್ಡ್ ಮಾಡುವುದು ದೂರದರ್ಶನದಲ್ಲಿ ಮಾಮೂಲು. ಸೈಟ್ ಬಗ್ಗೆ ಇಸ್ರೊ ಬರೆಸಿದ ವರದಿಗಳಿವೆ, ಹಳ್ಳಿಯಲ್ಲೇ ಉಳಿದು ಅಧ್ಯಯನ ಮಾಡಿದವರ ಬರಹಗಳೂ ಇವೆ. ದೊಡ್ಡ ವಿಶ್ವವಿದ್ಯಾಲಯಗಳ ಗ್ರಂಥಾಲಯದಲ್ಲಿ ಕೇಳಿ ನೋಡಿ. ಅದಕ್ಕಿಂತ ಮೊದಲು ನಿಮ್ಮ ಕಾಕಾನ ಎದುರು ಫೋನ್ ಇಟ್ಟು ರೆಕಾರ್ಡ್ ಮಾಡಿಕೊಳ್ಳಿ. ಯಾವ ಊರು, ಸೆಟ್ಟು ಶಾಲೆಯಲ್ಲಿತ್ತಾ ಪಂಚಾಯಿತಿಯಲ್ಲಿತ್ತಾ, ಒಳಗೆ ಯಾರನ್ನು ಕೂರಿಸುತ್ತಿದ್ದರು, ಹೊರಗೆ ಯಾರು ನಿಂತು ನೋಡುತ್ತಿದ್ದರು, ಇದನ್ನೆಲ್ಲ ಕೇಳಿ. ಕೊನೆಯ ಪ್ರಶ್ನೆಯನ್ನು ಮಾತ್ರ ಬಿಡಬೇಡಿ.